ಫೋನು ನಮ್ಮ ದೇಶವನ್ನು ಅರಿಯುವ ಬಗೆ

ಮೊಬೈಲಿನಲ್ಲಿ ಹೊಸದೊಂದು ಆ್ಯಪನ್ನು ತೆರೆದೊಡನೆ ಬೆಲೆಗಳು ರೂಪಾಯಿಯಲ್ಲಿಯೇ ತೋರುವುದನ್ನೂ, ದೂರವಾಣಿ ಸಂಖ್ಯೆಯನ್ನು ಬರೆಯತಕ್ಕ ಸ್ಥಳದಲ್ಲಿ +91 ಎಂಬ ಅಂಕೆ ಮೊದಲೇ ಬಂದು ಕುಳಿತಿರುವುದನ್ನೂ ನೀವು ಕಂಡಿರುತ್ತೀರಿ. ನಾವು ಹೇಳದೆಯೇ ನಮ್ಮ ದೇಶವು ಅದಕ್ಕೆ ತಿಳಿದುದು ಹೇಗೆ, ಆ ತಿಳಿವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ವಿಷಯ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನಗಳಾದ ಪ್ರಮಾಣಗಳನ್ನು ಎಣಿಸುವಾಗ, ಕಣ್ಣಾರೆ ಕಂಡ ಪ್ರತ್ಯಕ್ಷವನ್ನೂ, ಹೊಗೆಯಿಂದ ಬೆಂಕಿಯನ್ನು ಗ್ರಹಿಸುವ ಅನುಮಾನವನ್ನೂ, ಬಲ್ಲವನಾದ ಆಪ್ತನ ಮಾತನ್ನೂ ಬೇರೆ ಬೇರೆಯಾಗಿ ಇರಿಸಿದರು. ಈ ವಿವೇಕವು ಇಲ್ಲಿಯೂ ನಮಗೆ ಒದಗುತ್ತದೆ. ಏಕೆಂದರೆ ಆ್ಯಪಿನ ಜ್ಞಾನದಲ್ಲಿ ಬಹುಪಾಲು ಕೇವಲ ಅನುಮಾನ.

ಮೊದಲನೆಯ ಕುರುಹು ಸಿಮ್ ಕಾರ್ಡು. ಅದರೊಳಗೆ ಚಂದಾದಾರನನ್ನು ಗುರುತಿಸುವ, ಸಾಮಾನ್ಯವಾಗಿ 15 ಅಂಕೆಗಳ ಒಂದು ಸಂಖ್ಯೆಯುಂಟು. ಅದರ ಮೊದಲ ಮೂರು ಅಂಕೆಗಳು ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405, ಬ್ರಿಟನ್ನಿಗೆ 234, ಸಂಯುಕ್ತ ಅರಬ್ ಸಂಸ್ಥಾನಗಳಿಗೆ 424 ಎಂಬಂತೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇವನ್ನು ಹಂಚಿಕೊಟ್ಟಿದೆ. ಸಿಗ್ನಲ್ ಕೊಡುವ ಟವರು ಸಹ ತನ್ನ ದೇಶದ ಸಂಖ್ಯೆಯನ್ನು ಎಡೆಬಿಡದೆ ಸಾರುತ್ತಿರುತ್ತದೆ. ಹೀಗೆ ಸಿಮ್ಮಿನ ದೇಶವೊಂದು, ಟವರಿನ ದೇಶವೊಂದು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇವೆರಡನ್ನೂ ನಮ್ಮ ಅನುಮತಿಯಿಲ್ಲದೆಯೇ ಆ್ಯಪುಗಳು ಓದಬಲ್ಲವು. ಇವುಗಳ ಜೊತೆಗೆ, ಸೆಟ್ಟಿಂಗ್ಸಿನಲ್ಲಿ ನಾವು ಆರಿಸಿಕೊಂಡ ಭಾಷೆ, ಪ್ರದೇಶ ಮತ್ತು ಗಡಿಯಾರದ ಕಾಲವಲಯ. ಆದರೆ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಗಡಿಯಾರವು ಭಾರತದ್ದಿರಬಹುದು, ಶ್ರೀಲಂಕೆಯದೂ ಇರಬಹುದು.

ಎರಡನೆಯ ಕುರುಹು ಐಪಿ ವಿಳಾಸ, ಎಂದರೆ ಇಂಟರ್ನೆಟ್ಟಿನಲ್ಲಿ ಫೋನಿಗೆ ದೊರೆಯುವ ವಿಳಾಸ. ಜಗತ್ತಿನ ಐದು ಪ್ರಾದೇಶಿಕ ಸಂಸ್ಥೆಗಳು ಈ ವಿಳಾಸಗಳನ್ನು ಹಂಚುತ್ತವೆ. ನಮ್ಮ ಭಾಗದ ಸಂಸ್ಥೆ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿದೆ. ಯಾವ ವಿಳಾಸ ಯಾರಿಗೆ ಸಂದಿತೆಂಬ ದಾಖಲೆಯಿಂದ ದೇಶವನ್ನು ಊಹಿಸುವ ಪಟ್ಟಿಗಳನ್ನು ಕೆಲವು ಸಂಸ್ಥೆಗಳು ಸಿದ್ಧಪಡಿಸಿ ಮಾರುತ್ತವೆ. ಊಹೆಯನ್ನು ಪ್ರತ್ಯಕ್ಷವೆಂದು ಭ್ರಮಿಸಿದರೆ ಏನಾಗುತ್ತದೆಂಬುದಕ್ಕೆ 2016ರಲ್ಲಿ ಬೆಳಕಿಗೆ ಬಂದ ಒಂದು ಸಂಗತಿ ಸಾಕ್ಷಿ. ಇಂಥದೊಂದು ಪಟ್ಟಿಯಲ್ಲಿ, ಅಮೆರಿಕದ್ದೆಂಬುದರ ಹೊರತು ಬೇರೇನೂ ತಿಳಿಯದ ವಿಳಾಸಗಳನ್ನೆಲ್ಲ ಆ ದೇಶದ ನಡುಭಾಗದ ಒಂದು ಬಿಂದುವಿಗೆ, ಅಂಕೆಗಳನ್ನು ದುಂಡಾಗಿಸಿ, 38 ಅಕ್ಷಾಂಶ 97 ರೇಖಾಂಶಕ್ಕೆ, ಕಟ್ಟಿಹಾಕಿದ್ದರು. ಆ ಬಿಂದು ಕಾನ್ಸಾಸ್ ರಾಜ್ಯದ ಒಂದು ಹೊಲಮನೆಯ ಅಂಗಳದಲ್ಲಿ ಬಿದ್ದಿತು. ಎಲ್ಲಿಯೋ ನಡೆದ ವಂಚನೆಗಳ ಜಾಡು ಹಿಡಿದು ಪೊಲೀಸರೂ ತೆರಿಗೆಯ ಅಧಿಕಾರಿಗಳೂ ಮೋಸಹೋದ ಜನರೂ ಏನೊಂದೂ ಅರಿಯದ ಆ ಮನೆಯವರ ಬಾಗಿಲಿಗೆ ವರ್ಷಗಟ್ಟಲೆ ಬಂದು ಕಾಡಿದರು. ವಿಷಯ ಬಯಲಾದ ಮೇಲೆ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಲಾಯಿತು.

ಪ್ರತ್ಯಕ್ಷಕ್ಕೆ ಸಮೀಪವಾದುದು ಜಿಪಿಎಸ್. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ ಫೋನು ತನ್ನ ಸ್ಥಾನವನ್ನು ಕೆಲವೇ ಮೀಟರುಗಳ ಅಂತರದಲ್ಲಿ ನಿರ್ಣಯಿಸುತ್ತದೆ. ಆದರೆ ದೇಶದ ಹೆಸರೊಂದೇ ಸಾಕಾದಾಗ ಮನೆಯ ಹೊಸ್ತಿಲನ್ನೇ ತಿಳಿಯಬಯಸುವುದು ಉಚಿತವಲ್ಲ. ಆದುದರಿಂದಲೇ ಇದಕ್ಕೆ ನಮ್ಮ ಸ್ಪಷ್ಟ ಅನುಮತಿ ಬೇಕು. ಹೊಸ ಫೋನುಗಳಲ್ಲಿ ಸ್ಥೂಲವಾದ ಸ್ಥಾನವನ್ನಷ್ಟೇ ಕೊಡುವ ಆಯ್ಕೆಯೂ ಇದೆ.

ಈಗ ಮಂಗಳೂರಿನಿಂದ ಹೊರಟು ದುಬೈಯಲ್ಲಿ ಇಳಿದ ಪ್ರಯಾಣಿಕನೊಬ್ಬನನ್ನು ಭಾವಿಸಿರಿ. ಊರಿನ ಸಿಮ್ಮಿನಲ್ಲೇ ಅವನು ರೋಮಿಂಗ್ ಪಡೆದಿದ್ದಾನೆ. ಸಿಮ್ಮು 404 ಎನ್ನುತ್ತದೆ, ಟವರು 424 ಎನ್ನುತ್ತದೆ. ಗಡಿಯಾರ ದುಬೈಯದು, ಭಾಷೆ ಕನ್ನಡ, ಪ್ರದೇಶ ಭಾರತ. ರೋಮಿಂಗಿನ ಡೇಟಾ ಬಹುಮಟ್ಟಿಗೆ ತವರಿನ ಕಂಪನಿಯ ಜಾಲಕ್ಕೆ ಮರಳಿ ಅಲ್ಲಿಂದಲೇ ಇಂಟರ್ನೆಟ್ಟನ್ನು ಹೊಗುವುದರಿಂದ, ಐಪಿ ವಿಳಾಸವೂ ಭಾರತದ್ದೇ ಆಗಿರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಅವನು ಈಗ ಎಲ್ಲಿದ್ದಾನೆ, ಯಾರ ಚಂದಾದಾರ, ಯಾವ ನುಡಿಯಲ್ಲಿ ಓದುತ್ತಾನೆ ಎಂಬ ಬೇರೆ ಬೇರೆ ಪ್ರಶ್ನೆಗಳಿಗೆ ಇವು ಬೇರೆ ಬೇರೆ ಉತ್ತರಗಳು. ಆಂಬುಲೆನ್ಸಿನ ಸಂಖ್ಯೆಯನ್ನು ತೋರಿಸಬೇಕಾದ ಆ್ಯಪಿಗೆ ಟವರಿನ ಮಾತು ಮುಖ್ಯ. ಸುದ್ದಿ ಓದಿಸುವ ಆ್ಯಪಿಗೆ ಅವನ ನುಡಿ ಮುಖ್ಯ. ಪ್ರಶ್ನೆಯನ್ನೇ ನಿಶ್ಚಯಿಸದೆ ಉತ್ತರವನ್ನು ಹುಡುಕುವುದರಿಂದಲೇ ಹೆಚ್ಚಿನ ಪ್ರಮಾದಗಳು ಹುಟ್ಟುತ್ತವೆ.

ತೆರಿಗೆಯಂತಹ ವ್ಯವಹಾರದಲ್ಲಿ ಒಂದೇ ಕುರುಹು ಸಾಲದೆಂಬುದನ್ನು ಕಾನೂನೂ ಕಂಡುಕೊಂಡಿದೆ. ಯುರೋಪಿನ ಒಕ್ಕೂಟವು 2015ರಿಂದ ಜಾರಿಗೆ ತಂದ ನಿಯಮದಂತೆ, ಡಿಜಿಟಲ್ ಸೇವೆಯನ್ನು ಕೊಂಡವನ ದೇಶವನ್ನು ನಿರ್ಧರಿಸಲು, ಸಾಮಾನ್ಯವಾಗಿ, ಒಂದನ್ನೊಂದು ವಿರೋಧಿಸದ ಎರಡು ಸಾಕ್ಷ್ಯಗಳು ಬೇಕು. ಬಿಲ್ಲಿನ ವಿಳಾಸ, ಬ್ಯಾಂಕಿನ ವಿವರ, ಐಪಿ ವಿಳಾಸಗಳ ಸಾಲಿನಲ್ಲಿ ಸಿಮ್ಮಿನ ಆ ಮೂರಂಕೆಯ ಸಂಖ್ಯೆಗೂ ಸ್ಥಾನವುಂಟು.

ಉಳಿದ ಸಾಮಾನ್ಯ ಸಂದರ್ಭಗಳಲ್ಲಿ, ತಾನು ಊಹಿಸಿದ ದೇಶವನ್ನು ಕಾಣುವಂತೆ ಮುಂದಿಟ್ಟು, ಅದನ್ನು ಬದಲಿಸುವ ದಾರಿಯನ್ನು ತೆರೆದಿಡುವುದೇ ಆ್ಯಪಿನ ಧರ್ಮ. ಏಕೆಂದರೆ ತಾನು ಎಲ್ಲಿಯವನು, ತನಗೆ ಏನು ಬೇಕು ಎಂಬ ವಿಷಯದಲ್ಲಿ ಬಳಸುವ ಮನುಷ್ಯನಿಗಿಂತ ಮಿಗಿಲಾದ ಆಪ್ತನಿಲ್ಲ. ಅವನು ಒಮ್ಮೆ ಹೇಳಿದ ಮೇಲೆ, ಊರು ಬದಲಾಯಿತೆಂದೋ ಸಿಮ್ಮು ಬದಲಾಯಿತೆಂದೋ ಆ ಮಾತನ್ನು ಅವನನ್ನು ಕೇಳದೆ ಅಳಿಸತಕ್ಕದ್ದಲ್ಲ.