ಶಾಖ ಕೊಡುವ ಮುನ್ನ

ಹೈದರಾಬಾದಿನಲ್ಲಿ ಡಿಸೆಂಬರ್ ಚಳಿ ಬಂತೆಂದರೆ ಮನೆಯ ಹಿರಿಯರಿಗೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ. ಹರಳೆಣ್ಣೆ ಸವರಿ, ಹುರಿದ ಉಪ್ಪಿನ ಗಂಟಿನಿಂದ ಶಾಖ ಕೊಟ್ಟರೆ ರಕ್ತಸಂಚಾರ ಹೆಚ್ಚಿ, ಬಿಗಿದ ಸ್ನಾಯು ಸಡಿಲವಾಗಿ ನೋವು ತಗ್ಗುತ್ತದೆ. ಆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮಾತಾಡುವವರಿದ್ದರೆ ಮನಸ್ಸೂ ಹಗುರ.

ಚರಕಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಬೆಂಕಿಯ ನೆರವಿನಿಂದ ಬೆವರಿಸುವ 13 ವಿಧಾನಗಳನ್ನು ಹೇಳುತ್ತದೆ. ಮಧುಮೇಹಿಗಳಿಗೆ ಇದು ಬೇಡವೆಂದೂ ಅದೇ ಅಧ್ಯಾಯ ಎಚ್ಚರಿಸುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಹಲವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗುತ್ತದೆ. ಸುಟ್ಟರೂ ತಿಳಿಯದು, ಗಾಯ ಬೇಗ ಮಾಯದು. ಅಂಥವರಿಗೆ ವೈದ್ಯರನ್ನು ಕೇಳದೆ ಶಾಖ ಕೊಡಬೇಡಿ.

ಉಳಿದವರಿಗೂ ಅಷ್ಟೆ, ಗಂಟನ್ನು ಮೊದಲು ನಿಮ್ಮ ಮುಂಗೈಗೆ ಒತ್ತಿ ನೋಡಿ. ನಿಮಗೆ ಚುರುಕ್ಕೆಂದದ್ದು ಅಜ್ಜಿಗೆ "ಬಿಸಿಯೇ ಇಲ್ಲ" ಅನ್ನಿಸಿದರೆ, ಅಲ್ಲೇ ನಿಲ್ಲಿಸಿ.