ಹಳೆಯ ಟೆಲಿವಿಷನ್ನಿನಲ್ಲಿ ಗೆರೆಗಳೇಕೆ?

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ಎಂಜಿನಿಯರನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ವಾಲ್ವ್ ಟೆಲಿವಿಷನ್ನಿನ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಈ ಮುಂಬಯಿಯಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಆಗ ನಮ್ಮ ಹಿರಿಯರು ಕೊಂಡ ಪೆಟ್ಟಿಗೆಗಳು ಕೆಲವರ ಅಟ್ಟದ ಮೇಲೆ ಇನ್ನೂ ಇವೆ. ಅವನ್ನು ರಿಪೇರಿ ಮಾಡಿಸಿದವರು, ಚಿತ್ರದೊಡನೆ ಗೆರೆಗಳೂ ಬಂದುವೆಂದು ಬೇಸತ್ತು, ವಾಲ್ವುಗಳನ್ನು ಒಂದೊಂದಾಗಿ ಬದಲಿಸಿ, ಕೊನೆಗೆ ಗುಜರಿಗೆ ಹಾಕುವುದುಂಟು. ಇದು ಅನ್ಯಾಯ. ಲೆಕ್ಕ ತಾಳೆಯಾಗದಿದ್ದರೆ ಲೆಡ್ಜರನ್ನು ಹರಿಯುತ್ತೇವೆಯೇ? ವ್ಯತ್ಯಾಸ ಯಾವ ಪುಟದಲ್ಲಿದೆಯೆಂದು ಹುಡುಕುತ್ತೇವೆ. ಇಲ್ಲಿಯೂ ಮೊದಲು ಕೇಳಬೇಕಾದ್ದು: ದೋಷ ಒಳಗಿನದೋ, ಹೊರಗಿನದೋ?

ಹಳೆಯ ಅನಲಾಗ್ ಪ್ರಸಾರ ನಿಂತಿರುವುದರಿಂದ, ಈಗ ಡಿವಿಡಿ ಯಂತ್ರದ ಚಿತ್ರವನ್ನು ಮಾಡ್ಯುಲೇಟರ್ ಎಂಬ ಚಿಕ್ಕ ಡಬ್ಬಿಯ ಮೂಲಕ ಏರಿಯಲ್ ತೂತಿಗೆ ಕೊಡುತ್ತೇವೆ. ಆ ತಂತಿಯನ್ನು ಕಿತ್ತು ನೋಡಿ. ಗೆರೆ ಉಳಿದರೆ ಪೆಟ್ಟಿಗೆಯನ್ನೇ ಮೊದಲು ಶಂಕಿಸಿ. ಹೋದರೆ ಅದು ತಂತಿಯ ದಾರಿಯಲ್ಲಿ ಬಂದದ್ದು.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾಟವಿತ್ತು. ಓರೆಯಾದ ಸಣ್ಣ ಗೆರೆಗಳು ತಂತಿ ಕಿತ್ತೊಡನೆ ಮಾಯವಾದುವು. ಕಾರಣ, ಮಾಡ್ಯುಲೇಟರಿಗೆ ವಿದ್ಯುತ್ತು ಕೊಡುತ್ತಿದ್ದ ಹಗುರವಾದ ಹೊಸ ಅಡಾಪ್ಟರು! ಅದರೊಳಗಿನ ಸ್ವಿಚಿಂಗ್ ಮಂಡಲ ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ತುಂಡರಿಸುತ್ತದೆ. ಆ ಗಲಭೆ ಚಿತ್ರಕ್ಕೆ ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಉಳ್ಳ ಹಳೆಯ ಭಾರದ ಅಡಾಪ್ಟರನ್ನು ಹಾಕಿದೆವು, ಗೆರೆ ಹೋಯಿತು. ಎಲ್‌ಇಡಿ ದೀಪ, ಫೋನಿನ ಚಾರ್ಜರುಗಳೂ ಇದೇ ಕುಲದವು. ಬ್ಯಾಟರಿಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವಿನಲ್ಲಿ, ನಿಲಯವಿಲ್ಲದ ಕಡೆ ತಿರುಗಿಸಿಟ್ಟು ಇವುಗಳ ಬಳಿ ಹಿಡಿಯಿರಿ. ಗುರ್ರೆಂದರೆ ಕಳ್ಳ ಸಿಕ್ಕಿದಂತೆ.

ಎರಡನೆಯದು, ಅಡ್ಡಲಾಗಿ ಮೆಲ್ಲನೆ ಮೇಲೇರುವ ಅಗಲವಾದ ಕಪ್ಪು ಪಟ್ಟಿ. ಇದು ತಂತಿ ಕಿತ್ತರೂ ಹೋಗಲಿಲ್ಲ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸಿನದು. ಚಿತ್ರವೂ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಕ್ಕೆ ಬರೆಯಲ್ಪಡುತ್ತದೆ. ಆದ್ದರಿಂದ ಒಂದು ಪಟ್ಟಿಯೆಂದರೆ 50ರ ಗುಂಯ್‌ಕಾರ, ಎರಡೆಂದರೆ 100ರದು. ಒಂದಾದರೆ ಫಿಲ್ಟರ್ ಕಂಡೆನ್ಸರ್ ಒಣಗಿರಬಹುದು, ಇಲ್ಲವೆ ಯಾವುದೋ ವಾಲ್ವಿನಲ್ಲಿ ಹೀಟರಿನಿಂದ ಕ್ಯಾಥೋಡಿಗೆ ಸೋರಿಕೆಯಿರಬಹುದು. ಎರಡಾದರೆ ಸಾಮಾನ್ಯವಾಗಿ ಕಂಡೆನ್ಸರೇ. ನಮ್ಮಲ್ಲಿ ಮೆಕಾನಿಕರು ಹೊಸ ಕಂಡೆನ್ಸರ್ ಹಾಕಿದರು, ಪಟ್ಟಿ ಅಳಿಯಿತು. ವಾಲ್ವುಗಳೆಲ್ಲ ಹಳೆಯವೇ ಉಳಿದುವು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಹಿಂದಿನ ಮುಚ್ಚಳವನ್ನು ತಾವು ತೆಗೆಯಬಾರದು. ಚಿತ್ರನಳಿಕೆಯಲ್ಲಿ 10,000 ವೋಲ್ಟಿಗೂ ಮೀರಿದ ಒತ್ತಡ ಉಂಟು. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಅನೇಕ ಪೆಟ್ಟಿಗೆಗಳ ಚಾಸಿಸ್ ನೇರವಾಗಿ ಮೈನ್ಸಿಗೇ ಸೇರಿರುತ್ತದೆ. ತಂತಿ ಕೀಳುವುದು, ದೀಪ ಆರಿಸುವುದು, ಪಟ್ಟಿ ಎಣಿಸುವುದು ನಮ್ಮ ಕೆಲಸ. ಒಳಗಿನದು ಬಲ್ಲ ಮೆಕಾನಿಕರದು. ನಾವು ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಶ್ರಮವೂ ನಮ್ಮ ಹಣವೂ ಉಳಿಯುತ್ತವೆ. ಹಿರಿಯರ ಪೆಟ್ಟಿಗೆಯೂ ಮನೆಯಲ್ಲಿ ಉಳಿಯುತ್ತದೆ.