ಚರಿತ್ರೆಯ ಕಾದಂಬರಿ ಮತ್ತು ಕಳೆದುಹೋದ ಒಲವು

ಹುಕ್ಕೇರಿಯಲ್ಲಿರುವ ಆದಿಲಶಾಹಿ ಕಾಲದ ಗುಮ್ಮಟಗಳು ಅಂದಿನ ಅಧಿಕಾರಿಗಳ ವೈಭವವನ್ನು ಇಂದಿಗೂ ಸಾರುತ್ತವೆ. ನಾಡಿನ ಶಾಸನಗಳು ದತ್ತಿಯನ್ನೂ ದಂಡಯಾತ್ರೆಯನ್ನೂ ಹೇಳುತ್ತವೆ. ಆದರೆ ದಂಡಿನೊಡನೆ ಹೋಗಿ ಹಿಂದಿರುಗದ ತರುಣನಿಗಾಗಿ ಯಾವ ಹುಡುಗಿ ಕಾದಳು, ಬಳಿಕ ಯಾರ ಮನೆಯನ್ನು ತುಂಬಿದಳು ಎಂಬುದನ್ನು ಅವು ಹೇಳವು. ಐತಿಹಾಸಿಕ ಪ್ರಣಯಕಾದಂಬರಿಯ ನಿಜವಾದ ಕ್ಷೇತ್ರವು ಇದೇ ಎಂದು ನಾವು ಭಾವಿಸುತ್ತೇವೆ.

ಕಲ್ಲು ಹೇಳದುದನ್ನು ಕಂಠವು ಹೇಳಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಹೆಂಗಳೆಯರು ಬೀಸುವಾಗ ಹಾಡಿದ ಪದಗಳಲ್ಲಿ ಅಗಲಿಕೆಯ ನೋವು ಉಳಿದುಬಂದಿತು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಜನಪದಗೀತಗಳನ್ನು ಸಂಗ್ರಹಿಸಿದರು. ‘ರಾಜಯೋಗಿ’, ‘ಅಶಾಂತಿಪರ್ವ’ ಎಂಬ ಐತಿಹಾಸಿಕ ಕಾದಂಬರಿಗಳನ್ನೂ ರಚಿಸಿದರು. ಒಂದೇ ಲೇಖನಿಗೆ ಈ ಎರಡು ಕಾರ್ಯಗಳೂ ಒದಗಿದುದು ಆಕಸ್ಮಿಕವೆಂದು ನಮಗೆ ತೋರದು.

ಕಾದಂಬರಿಕಾರನು ಅರಸರ ಹೆಸರನ್ನೂ ಯುದ್ಧದ ವರ್ಷವನ್ನೂ ಶಾಸನದಿಂದ ಪಡೆಯಲಿ, ಅವನ್ನು ಬದಲಿಸದಿರಲಿ. ಮೊದಲ ಒಲವಿನ ಮಾತನ್ನು ಮಾತ್ರ ಹಾಡಿನಿಂದ ಕೇಳಿಕೊಳ್ಳಲಿ. ಕಳೆದುಹೋದ ಒಲವು ಕೊನೆಗೆ ಕೈಗೂಡುವಂತೆ ಕಥೆಯನ್ನು ತಿದ್ದುವುದು ಸುಲಭ. ಹಾಗೆ ತಿದ್ದಿದರೆ, ದಂಡು ಈ ನಾಡಿನಿಂದ ಏನನ್ನು ಕೊಂಡೊಯ್ದಿತೆಂಬುದನ್ನು ಓದುಗನು ಎಂದಿಗೂ ತಿಳಿಯನು.